ಕೊಯ್ಲಿಗೆ ಮುಂಚೆ ಒಂದು ಕಾಗದ

ಲೋಗನ್, ಯೂಟಾ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ಉಭಯ ಕುಶಲೋಪರಿ. ನಾನು ಇಲ್ಲಿ ಕ್ಷೇಮ. ಅಲ್ಲಿಯೂ ಎಲ್ಲರೂ ಕ್ಷೇಮ ಅಂತ ಬರೆಯೋಣ ಅಂದರೆ ಅಮ್ಮನ ಕಾಗದ ಕಣ್ಣೆದುರಿಗೇ ಇದೆ. ಅದಕ್ಕೆ ಆ ಸಾಲು ಬಿಟ್ಟಿದ್ದೇನೆ.

ಪಾರ್ಸೆಲ್ ಶನಿವಾರ ಬೆಳಿಗ್ಗೆ ಬಂತು. ಅಪ್ಪೆಮಿಡಿ ಭದ್ರವಾಗಿದೆ. ಹಲಸಿನ ಹಪ್ಪಳ ಒಂದಷ್ಟು ಪುಡಿಯಾಗಿದೆ, ರುಚಿಗೇನೂ ಆಗಿಲ್ಲ. ಗಿರಿಜತ್ತೆಯ ಚಟ್ನಿಪುಡಿ ಡಬ್ಬ ತೆರೆದರೆ ಇಡೀ ಮನೆಗೆ ಘಮ ಬರುತ್ತೆ. ರೂಮ್‌ಮೇಟ್ ಕಿಟಕಿ ತೆಗೆದಳು. ಆಮೇಲೆ ತಾನೂ ಒಂದು ಚಮಚ ಹಾಕಿಸಿಕೊಂಡಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪಯ್ಯ, ನೀವು ಫೋನಿಗೆ ಬಂದರೆ "ಹಾಂ, ಆರಾಮು, ಊಟ ಆಯ್ತಾ" ಅಂದು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಕಾಗದ ಆದರೆ ಪೂರ್ತಿ ಓದುತ್ತೀರಿ. ಅಡಿಕೆ ಮಾರಾಟದ ಸೊಸೈಟಿ ಮಾಮ್‌ಕೋಸ್‌ನಿಂದ ಬಂದ ಕಾಗದವನ್ನು ಅಡಿಬರಹದವರೆಗೂ ಓದುವವರು ನೀವು. ಇದನ್ನು ರಾಘುಗೆ ಮೇಲ್ ಮಾಡುತ್ತೇನೆ, ತೀರ್ಥಹಳ್ಳಿಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ. ಅಕ್ಷರ ದೊಡ್ಡದು ಮಾಡಿಸಲು ಹೇಳಿದ್ದೇನೆ. ಕನ್ನಡಕ ಸಿಗಲಿಲ್ಲ ಅನ್ನುವ ಹಾಗಿಲ್ಲ.

ಮೊದಲು ನನ್ನ ಮೇಲಿನ ದೂರು ಮುಗಿಸುತ್ತೇನೆ. ಗ್ರೂಪಿನಲ್ಲಿ ಫೋಟೋ ನೋಡಿ "ಇವಳೊಬ್ಬಳೇ ಘಾಟಿ ಹತ್ತಿದಾಳೆ, ಹೇಳೋರು ಕೇಳೋರು ಇಲ್ವಾ" ಅಂದರಂತೆ ಗಿರಿಜತ್ತೆ. ಹೌದು, ಲೋಗನ್ ಕಣಿವೆಗೆ ಎಲೆಯ ಬಣ್ಣ ನೋಡಲು ಒಬ್ಬಳೇ ಹೋಗಿದ್ದೆ. ರೂಮ್‌ಮೇಟ್‌ಗೆ ಪರೀಕ್ಷೆ ಇತ್ತು. ಅವಳನ್ನು ಕಾಯುತ್ತಾ ಕೂತರೆ ಎಲೆ ಉದುರಿಹೋಗುತ್ತದೆ. ಇಲ್ಲಿ ಬಣ್ಣದ ಕಾಲ ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು, ಅಷ್ಟೇ. ಒಂದು ರಾತ್ರಿ ಜೋರು ಗಾಳಿ ಬೀಸಿದರೆ ಮುಗೀತು. ಟ್ಯಾಂಕ್ ತುಂಬಿಸಿದ್ದೆ. ನೀರು, ಕಂಬಳಿ, ಟಾರ್ಚು, ಬ್ಯಾಟರಿ ಕೇಬಲ್, ಎಲ್ಲ ಡಿಕ್ಕಿಯಲ್ಲಿತ್ತು. ಮ್ಯಾಪ್ ಫೋನಿಗೆ ಇಳಿಸಿಕೊಂಡಿದ್ದೆ. ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿಯೇ ಹೋಗಿದ್ದೆ, ಅದಕ್ಕೆ ಮುಂಚೆಯೇ ಬಂದೆ. ಇನ್ನೇನು ಬೇಕು? ಇಲ್ಲಿ ಎಪ್ಪತ್ತು ದಾಟಿದ ಅಜ್ಜಿಯರೂ ಒಬ್ಬೊಬ್ಬರೇ ಗಾಡಿ ಓಡಿಸಿಕೊಂಡು ಬಂದಿದ್ದರು, ಒಬ್ಬರ ಪಕ್ಕದ ಸೀಟಿನಲ್ಲಿ ನಾಯಿ ಕೂತಿತ್ತು.

ಇನ್ನೊಂದು ಹೇಳಬೇಕು, ಇದು ಆಗುಂಬೆ ಥರದ ಘಾಟಿ ಅಲ್ಲ. ಅಲ್ಲಿ ಹದಿನಾಲ್ಕು ತಿರುವು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಇಲ್ಲಿ ರಸ್ತೆ ಇರುವುದೇ ತಳದಲ್ಲಿ, ಲೋಗನ್ ಹೊಳೆಯ ಪಕ್ಕಕ್ಕೆ. ಸುಣ್ಣಕಲ್ಲಿನ ಗೋಡೆ ಎರಡೂ ಬದಿಗೆ ಎದ್ದು ನಿಂತಿದೆ. ಹೊಳೆ ಲಕ್ಷಾಂತರ ವರ್ಷ ಕೊರೆದು ಮಾಡಿದ ಕಣಿವೆ. ಬೀಳಬೇಕು ಅಂದರೂ ಬೀಳಲು ಜಾಗವಿಲ್ಲ. ನೆತ್ತಿ ದಾಟಿ ಆಚೆ ಇಳಿಯುವಲ್ಲಿ ಮಾತ್ರ ಒಂದಷ್ಟು ತಿರುವುಗಳಿವೆ. ಅದನ್ನು ಮುಂದೆ ಹೇಳುತ್ತೇನೆ.

ಎತ್ತರದ ಲೆಕ್ಕ ನಿಮಗೆ ಇಷ್ಟವಾಗುತ್ತೆ. ಲೋಗನ್ ಊರೇ ಸುಮಾರು 4,500 ಅಡಿ ಮೇಲಿದೆ. ಅಂದರೆ ನಾನು ದಿನಾ ಮಲಗುವ ಮನೆ ಕೊಡಚಾದ್ರಿಗಿಂತ ಸ್ವಲ್ಪ ಎತ್ತರ! ಕಣಿವೆ ರಸ್ತೆಯ ನೆತ್ತಿ 7,800 ಅಡಿ ಹತ್ತಿರ. ನಮ್ಮ ಮುಳ್ಳಯ್ಯನಗಿರಿ 6,300 ಚಿಲ್ಲರೆ ಅಲ್ವಾ? ಎತ್ತರ ಇದೆ, ಮಳೆ ಮಾತ್ರ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತೆ. ಈ ಊರಿಗೆ ವರ್ಷವೆಲ್ಲ ಸೇರಿಸಿದರೂ 500 ಮಿ.ಮೀ. ಇಲ್ಲ, ಅದರಲ್ಲೂ ಒಂದು ಪಾಲು ಹಿಮ. ಒಣ ಗುಡ್ಡಗಳು. ಹೊಳೆ ಬದಿಗೆ ಮಾತ್ರ ಹಸಿರು. ಆ ಹಸಿರೇ ಈಗ ಬಣ್ಣ ಬದಲಾಯಿಸುತ್ತಿದೆ.

ಎಲೆ ಹಳದಿ ಆಗುವುದನ್ನು ನೋಡಲು ಜನ ಪೆಟ್ರೋಲ್ ಸುಟ್ಟು ಬರುತ್ತಾರೆ ಅಂದರೆ ನೀವು ನಗುತ್ತೀರಿ, ಗೊತ್ತು. ನಮ್ಮಲ್ಲಿ ಎಲೆ ಹಳದಿ ಆಯ್ತು ಅಂದರೆ ತೋಟ ಹೋಯ್ತು ಅಂತ ಅರ್ಥ. ಶೃಂಗೇರಿ, ಕೊಪ್ಪದ ಕಡೆಯ ಅಡಿಕೆಯ ಹಳದಿ ಎಲೆ ರೋಗ ನೋಡಿದವರು ಹಳದಿಯನ್ನು ಚಂದ ಅನ್ನುವುದು ಹೇಗೆ? ಆದರೆ ಇದು ರೋಗ ಅಲ್ಲ. ಹಗಲು ಕಿರಿದಾಗಿ ಚಳಿ ಶುರುವಾದರೆ ಮರ ಎಲೆಯಲ್ಲಿನ ಹಸಿರನ್ನು ಒಡೆದು, ಅದರ ಸಾರ ವಾಪಸ್ ಎಳೆದುಕೊಳ್ಳುತ್ತದೆ. ಹಳದಿ ಮೊದಲೇ ಎಲೆಯಲ್ಲಿತ್ತು, ಹಸಿರಿನ ಅಡಿಯಲ್ಲಿ ಕಾಣುತ್ತಿರಲಿಲ್ಲ. ಕೆಂಪು ಹಾಗಲ್ಲ. ಬಿಸಿಲಿನ ಹಗಲು, ತಣ್ಣಗಿನ ರಾತ್ರಿ ಬಂದಾಗ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಆಗುತ್ತದೆ. ಕಣಿವೆಯ ಕೆಳಭಾಗದಲ್ಲೆಲ್ಲ ಮೇಪಲ್ ಮರ, ಕಡುಕೆಂಪು. ಮೇಲಕ್ಕೆ ಹೋದ ಹಾಗೆ ಆಸ್ಪೆನ್, ಬರೀ ಹಳದಿ. ನಡುವೆ ಕಪ್ಪು ಹಸಿರಿನ ಸೂಜಿಮರಗಳು. ಫೋಟೋದಲ್ಲಿ ಬಣ್ಣ ಜಾಸ್ತಿ ಮಾಡಿದೀಯ ಅಂತ ರಾಘು ಕೇಳಿದ. ಮಾಡಿಲ್ಲ.

ರಸ್ತೆಯ ಬಗ್ಗೆ ಒಂದು ಮಾತು. ಇದನ್ನು ಅಗಲ ಮಾಡಬೇಕು ಅಂತ ಒಂದು ಗುಂಪು, ಹೊಳೆ ಹಾಳಾಗುತ್ತದೆ ಬೇಡ ಅಂತ ಇನ್ನೊಂದು ಗುಂಪು, ಇಲ್ಲಿ ದಶಕಗಟ್ಟಲೆ ಜಗಳ ನಡೆದಿದೆ. ಕೆಳಗೆ ಸ್ವಲ್ಪ ಅಗಲ ಮಾಡಿದರು, ನಡುವಿನ ಭಾಗ ಕಿರಿದಾಗಿಯೇ ಇದೆ. ಓದಿದಾಗ ನಮ್ಮ ಕಡೆ ಮರ ಕಡಿಯಲು ಬಂದಾಗ ನೀವು ಪಂಚಾಯಿತಿಯಲ್ಲಿ ಕೂಗಾಡಿದ್ದು ನೆನಪಾಯಿತು.

ಇಲ್ಲಿ ತಿರುವಿನಲ್ಲಿ ಹಾರನ್ ಹೊಡೆಯುವುದಿಲ್ಲ. ಹೊಡೆದರೆ ಬೈದ ಹಾಗೆ ಲೆಕ್ಕ. ನಿಧಾನ ಹೋಗುವವರು ಬದಿಗೆ ಜಾಗ ಇದ್ದಲ್ಲಿ ನಿಲ್ಲಿಸಿ ಹಿಂದಿನವರಿಗೆ ದಾರಿ ಬಿಡುತ್ತಾರೆ, ಹಿಂದಿನವರು ಕೈ ಎತ್ತಿ ಹೋಗುತ್ತಾರೆ. ನಮ್ಮ ಸಿಟಿ ಬಸ್ಸಿನವರಿಗೆ ತೋರಿಸಬೇಕು ಇದನ್ನು.

ಮೂರನೇ ಡ್ಯಾಮ್ ಅಂತ ಒಂದಿದೆ, ಪುಟ್ಟದು. ಅಲ್ಲಿ ಬದಿಗೆ ನಿಲ್ಲಿಸಿ ಕಾಫಿ ಕುಡಿಯುತ್ತಾ ಅಮ್ಮನ ಕಾಗದ ತೆಗೆದೆ. ಪಾರ್ಸೆಲ್ ಬಿಚ್ಚುವಾಗ ಹಪ್ಪಳದ ಕೆಳಗೆ ಸಿಕ್ಕಿತ್ತು, ಆರಾಮಾಗಿ ಓದೋಣ ಅಂತ ಇಟ್ಟುಕೊಂಡಿದ್ದೆ. ಮೊದಲ ಪುಟ ಕೆಂಪಿ ಕರು ಹಾಕಿದ್ದು, ಭೂಮಿ ಹುಣ್ಣಿಮೆ ಬುಟ್ಟಿಗೆ ಚಿತ್ತಾರ ಬರೆಯಲು ಯಾರೂ ಇಲ್ಲ ಅನ್ನೋದು, ಸಾಗರದ ಸಂಬಂಧದ ವಿಷಯ (ಅದು ಈಗ ಬೇಡ ಅಮ್ಮ, ಆಮೇಲೆ ನೋಡೋಣ). ಪುಟದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ನಾಲ್ಕು ಸಾಲು. "ಅಡಿಕೆಗೆ ಬೋರ್ಡೋ ಔಷಧಿ ಹೊಡೆಸುವಾಗ ಮೇಲಿನ ತೋಟದ ಏರಿ ಹತ್ತಿ ಕೂತುಬಿಟ್ಟರು. ಮೈಯೆಲ್ಲ ಬೆವರು. ಎಡಗೈ ಜೋಮು ಅಂದರು. ಗ್ಯಾಸು ಅಂತಾರೆ. ಡಾಕ್ಟರು ಇಸಿಜಿ ನೋಡಿ ಎಂಜಿಯೋಗ್ರಾಮ್ ಮಾಡಿಸಿ ಅಂದಿದಾರೆ. ಕೊಯ್ಲು ಮುಗೀಲಿ ಅಂತಾರೆ."

ಅಪ್ಪಯ್ಯ, ಅಮ್ಮನ ಮೇಲೆ ಸಿಟ್ಟು ಮಾಡಬೇಡಿ. ಪೆನ್ಸಿಲಿನಲ್ಲಿ ಬರೆದಿದ್ದಾಳೆ ಅಂದರೆ ಅಳಿಸಿಬಿಡೋಣವಾ ಅಂತ ಯೋಚನೆ ಮಾಡಿಯೇ ಬರೆದಿದ್ದಾಳೆ.

ತಕ್ಷಣ ಫೋನ್ ತೆಗೆದೆ. ಕಣಿವೆಯೊಳಗೆ ಸಿಗ್ನಲ್ ಇಲ್ಲ. ಅಮೆರಿಕ ಅಂದರೆ ಎಲ್ಲ ಕಡೆ ಸಿಗುತ್ತೆ ಅಂದುಕೊಂಡಿದೀರಿ, ನಮ್ಮ ಮನೆ ಅಂಗಳದಲ್ಲಿ ಹಲಸಿನ ಮರದ ಹತ್ತಿರ ಹೋದರೆ ಒಂದು ಕಡ್ಡಿಯಾದರೂ ಬರುತ್ತದಲ್ಲ, ಇಲ್ಲಿ ಅದೂ ಇಲ್ಲ. ಹಿಂದೆ ತಿರುಗಿ ಊರಿಗೆ ಹೋಗಲಾ, ಮುಂದೆ ಹೋಗಲಾ ಅಂತ ಸ್ವಲ್ಪ ಹೊತ್ತು ಕೂತಿದ್ದೆ. ಅಮ್ಮ ಬರೆದು ಎಷ್ಟು ದಿನವಾಗಿದೆಯೋ. ಆಮೇಲೂ ನಿಮ್ಮ ಜೊತೆ ಮಾತಾಡಿದ್ದೇನೆ. "ಆರಾಮು" ಅಂದಿದ್ದೀರಿ. ಯಾವ ಆರಾಮು? ನಿಮ್ಮ ದನಿ ನೆನಪು ಮಾಡಿಕೊಂಡು ನೋಡಿದೆ, ಏದುಸಿರು ಇತ್ತಾ ಅಂತ. ಕೊನೆಗೆ ಮುಂದೆಯೇ ಹೋದೆ.

ಆಮೇಲೆ ಕಂಡಿದ್ದೆಲ್ಲ ಅರ್ಧಂಬರ್ಧ. ರಿಕ್ಸ್ ಸ್ಪ್ರಿಂಗ್ ಅಂತ ಬಂಡೆಯ ಬುಡದಿಂದ ನೀರು ಬರುವ ಜಾಗ ಇದೆ, ಇಳಿದು ನೋಡಲಿಲ್ಲ. ಟೋನಿ ಗ್ರೋವ್ ಕೆರೆಗೆ ಹೋಗುವ ಅಡ್ಡರಸ್ತೆಯನ್ನೂ ಬಿಟ್ಟೆ. ರಸ್ತೆ ಮೇಲೇರಿದ ಹಾಗೆ ಕಾಡು ತೆರೆದುಕೊಂಡು ದನ ಮೇಯುವ ಬಯಲು ಬಂತು. ಅಲ್ಲಲ್ಲಿ ರಸ್ತೆಗೆ ಅಡ್ಡಲಾಗಿ ಗುಂಡಿ ತೋಡಿ ಕಬ್ಬಿಣದ ಕಂಬಿ ಜೋಡಿಸಿದ್ದಾರೆ. ಕಾರು ಗರ್ರ್ ಅಂತ ದಾಟುತ್ತದೆ. ದನ ಕಾಲಿಡಲು ಹೆದರುತ್ತದೆ. ನಮ್ಮ ದಣಪೆಯ ಕೆಲಸವೇ, ಇಳಿದು ಗಳ ಸರಿಸುವ ತಾಪತ್ರಯ ಇಲ್ಲ. ಮಂಜನಿಗೆ ಹೇಳಿ, ತೋಟದ ದಾರಿಗೆ ಮಾಡಬಹುದು.

ಒಂದು ಕಡೆ ಮಾತ್ರ ನಿಲ್ಲಿಸಿದೆ. ವೈಪರ್ ಕೆಳಗೆ ಆಸ್ಪೆನ್ ಎಲೆಯೊಂದು ಸಿಕ್ಕಿಕೊಂಡು ಪಟಪಟ ಬಡಿಯುತ್ತಿತ್ತು. ತೆಗೆದು ನೋಡಿದೆ. ನಾಣ್ಯದಗಲದ ಎಲೆ, ಅಂಚಿನಲ್ಲಿ ಇನ್ನೂ ಒಂದು ಗೆರೆ ಹಸಿರು. ತೊಟ್ಟನ್ನು ಬೆರಳ ನಡುವೆ ಉರುಳಿಸಲು ಹೋದರೆ ಉರುಳಲೇ ಇಲ್ಲ. ಗುಂಡಗಿಲ್ಲ ಅದು, ಚಪ್ಪಟೆ ಪಟ್ಟಿ. ಅದಕ್ಕೇ ಗಾಳಿ ಇದೆಯೋ ಇಲ್ಲವೋ ಅನ್ನುವಾಗಲೂ ಇಡೀ ಮರ ನಮ್ಮ ಕಟ್ಟೆಯ ಅರಳಿಮರದ ಹಾಗೆ ನಡುಗುತ್ತಿರುತ್ತದೆ. ಇನ್ನೊಂದು ವಿಶೇಷ, ಬೆಟ್ಟದ ಮೇಲೆ ಬಣ್ಣ ತುಂಡು ತುಂಡಾಗಿ ಬರುತ್ತದೆ. ಒಂದು ತುಂಡು ಪೂರ್ತಿ ಹಳದಿ, ಅದಕ್ಕೆ ತಾಗಿದ್ದು ಇನ್ನೂ ಹಸಿರು. ಒಂದೊಂದು ತುಂಡೂ ಒಂದೇ ಬೇರಿನಿಂದ ಎದ್ದ ಮರಗಳಂತೆ. ಬೀಜದ ಗಿಡವಲ್ಲ, ಬೇರಿನಿಂದ ಬಂದ ಮರಿಸಸಿ. ಹಾಗಾಗಿ ಒಟ್ಟಿಗೇ ಬಣ್ಣ ಬದಲಾಯಿಸುತ್ತವೆ. ಇದೇ ರಾಜ್ಯದ ಫಿಶ್ ಲೇಕ್ ಹತ್ತಿರ 'ಪ್ಯಾಂಡೋ' ಅಂತ ಹೆಸರಿಟ್ಟಿರುವ ಒಂದು ತೋಪಿದೆ. 106 ಎಕರೆ, 40,000ಕ್ಕೂ ಹೆಚ್ಚು ಕಾಂಡ, ಎಲ್ಲ ಸೇರಿ ಒಂದೇ ಗಿಡ. ಬಾಳೆ ಹಿಂಡಿಲು ಹಾಕುವ ನಿಮಗೆ ಇದರಲ್ಲಿ ಆಶ್ಚರ್ಯ ಕಾಣದೇ ಇರಬಹುದು. ನನಗೆ ನಿಮಗೆ ಹೇಳಬೇಕು ಅನಿಸಿತು, ಫೋನ್ ತೆಗೆದೆ, ಮತ್ತೆ ಸಿಗ್ನಲ್ ಇಲ್ಲ.

ಕರಡಿ ವಿಷಯ ಗಿರಿಜತ್ತೆ ಕೇಳುವ ಮುಂಚೆ ನಾನೇ ಹೇಳುತ್ತೇನೆ. ಈ ಕಣಿವೆಯ ಒಳಗೆ ಒಂದು ಕರಡಿಗೆ ಸಮಾಧಿ ಕಟ್ಟಿದ್ದಾರೆ. 'ಓಲ್ಡ್ ಎಫ್ರೈಮ್' ಅಂತ ಹೆಸರು, ಗ್ರಿಜ್ಲಿ ಜಾತಿಯದ್ದು. ಫ್ರಾಂಕ್ ಕ್ಲಾರ್ಕ್ ಅನ್ನುವ ಕುರಿ ಸಾಕುವವನು 1923ರಲ್ಲಿ ಹೊಡೆದ. ಆ ಜಾತಿ ಈಗ ಈ ರಾಜ್ಯದಲ್ಲೇ ಇಲ್ಲ. ಕಪ್ಪು ಕರಡಿ ಇವೆ, ಅವು ನಮ್ಮನ್ನು ಕಂಡರೆ ಓಡುತ್ತವೆ. ನಾನು ಕಂಡಿದ್ದು ಎರಡು ಜಿಂಕೆ ಮಾತ್ರ.

ನೆತ್ತಿ ದಾಟಿದರೆ ಕೆಳಗೆ ಬೇರ್ ಲೇಕ್. ಅರ್ಧ ಯೂಟಾ, ಅರ್ಧ ಐಡಹೊ. ನೀರಿನಲ್ಲಿ ಸುಣ್ಣಕಲ್ಲಿನ ಸಣ್ಣ ಕಣ ತೇಲುತ್ತಿರುವುದರಿಂದ ಹಸಿರು ಬೆರೆತ ನೀಲಿ. ನಿಮ್ಮ ಬೋರ್ಡೋ ಬ್ಯಾರೆಲ್ಲಿನಲ್ಲಿ ಮೈಲುತುತ್ತಕ್ಕೆ ಸುಣ್ಣ ಬೀಳುವಾಗ ಬರುವ ಬಣ್ಣವೇ! ಅಲ್ಲಿಂದ ಇಳಿಯುವಾಗ ತಿರುವುಗಳು. "ಹತ್ತಿದ ಗೇರಿನಲ್ಲೇ ಇಳೀಬೇಕು, ಬ್ರೇಕ್ ಮೇಲೆ ಕಾಲಿಟ್ಟು ಕೂರಬಾರದು" ಅಂತ ನೀವು ಜೀಪಿನಲ್ಲಿ ಹೇಳಿಕೊಟ್ಟದ್ದು ಆಟೋಮ್ಯಾಟಿಕ್ ಗಾಡಿಗೂ ನಡೆಯುತ್ತದೆ. ಗೇರ್ ಕೆಳಗೆ ಹಾಕಿಯೇ ಇಳಿದೆ. ಮುಂದಿನ ಗಾಡಿಯವನು ಬ್ರೇಕ್ ಒತ್ತಿ ಒತ್ತಿ ಕೆಳಗೆ ಬರುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತಿತ್ತು.

ಕೆಳಗೆ ಗಾರ್ಡನ್ ಸಿಟಿ ಅಂತ ಊರು. ಹೆಸರು ಬೆಂಗಳೂರಿನದು, ಊರು ಕೋಣಂದೂರಿಗಿಂತ ಚಿಕ್ಕದು. ರಾಸ್‌ಬೆರಿ ಹಣ್ಣಿನ ಮಿಲ್ಕ್‌ಶೇಕಿಗೆ ಪ್ರಸಿದ್ಧಿ. ಎಲ್ಲರೂ ಕುಡಿಯುತ್ತಾರೆ, ನಾನೂ ತೆಗೆದುಕೊಂಡೆ, ಅರ್ಧ ಕುಡಿಯುವ ಹೊತ್ತಿಗೆ ಫೋನಿಗೆ ಸಿಗ್ನಲ್ ಬಂತು. ಇಲ್ಲಿ ಮಧ್ಯಾಹ್ನ ಒಂದು. ಅಲ್ಲಿ ರಾತ್ರಿ ಹನ್ನೆರಡೂವರೆ. ಆ ಹೊತ್ತಿಗೆ ಮನೆಗೆ ಫೋನ್ ಬಂದರೆ ಎಲ್ಲರೂ ಗಾಬರಿ. ಎದೆ ಸರಿ ಇಲ್ಲದವರ ಮನೆಗೆ ನಡುರಾತ್ರಿ ಫೋನ್ ಮಾಡುವುದಾ? ರಾಘುಗೆ ಮೆಸೇಜ್ ಹಾಕಿದೆ. ಪುಣ್ಯಕ್ಕೆ ಅವನು ಎದ್ದಿದ್ದ. "ದೊಡ್ಡಪ್ಪ ಚೆನ್ನಾಗಿದಾರೆ, ಸಂಜೆ ಅಡಿಕೆ ವ್ಯಾಪಾರಿ ಹತ್ತಿರ ಜಗಳ ಮಾಡ್ತಿದ್ರು" ಅಂತ ಬಂತು. ಆಮೇಲೇ ಫೋಟೋ ಗ್ರೂಪಿಗೆ ಹಾಕಿದ್ದು. ನಗುತ್ತಿದ್ದೀನಲ್ಲ, ಅದು ಆ ಮೆಸೇಜ್ ಓದಿದ ಮೇಲಿನ ನಗು.

ಈಗ ಕೇಳಿ ಅಪ್ಪಯ್ಯ. ಲೋಗನ್‌ನಿಂದ ಗಾರ್ಡನ್ ಸಿಟಿ 65 ಕಿ.ಮೀ. ಆಸುಪಾಸು. ತೀರ್ಥಹಳ್ಳಿಯಿಂದ ಶಿವಮೊಗ್ಗ 60. ಸಾಯುವ ಎಲೆ ನೋಡಲು ನಾನು ಅಷ್ಟು ದೂರ ಹೋಗಿಬರುತ್ತೇನೆ, ನಿಮ್ಮ ಎದೆ ನೋಡಿಸಲು ನೀವು ಅಷ್ಟು ದೂರ ಹೋಗುವುದಿಲ್ಲ.

ಗ್ಯಾಸು ಅಂದಿರಂತೆ. ಏರಿ ಹತ್ತುವಾಗ ಬಂದು, ಕೂತರೆ ಹೋಗುವುದು, ಬೆವರು, ಎಡಗೈ. ಇದು ಗ್ಯಾಸಾ? ಜೀರಿಗೆ ಕಷಾಯ ಕುಡಿದೆ ಕಮ್ಮಿ ಆಯ್ತು ಅಂದರೆ, ಕೂತಿದ್ದಕ್ಕೆ ಕಮ್ಮಿ ಆಗಿದ್ದು, ಕಷಾಯಕ್ಕಲ್ಲ. ನಿಮಗೆ ಸಕ್ಕರೆ ಬೇರೆ ಇದೆ. ಸಕ್ಕರೆ ಇದ್ದವರಿಗೆ ಎದೆನೋವು ಸರಿಯಾಗಿ ಗೊತ್ತೇ ಆಗದೆ ಇರಬಹುದು. ನೋವು ಕಮ್ಮಿ ಇತ್ತು ಅನ್ನುವುದು ಧೈರ್ಯ ತರುವ ಮಾತಲ್ಲ.

ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗ ನೀವು ಏನು ಮಾಡಿದಿರಿ? ಮೇಲಿನ ತೋಟದ ನಾಲ್ಕು ಮರದಲ್ಲಿ ಚುಕ್ಕಿ ಕಂಡ ದಿನವೇ ಸೋಗೆ ಕೊಯ್ಸಿ ಸುಡಿಸಿದಿರಿ. ಸುಬ್ಬಣ್ಣ "ಮಳೆ ಕಳೀಲಿ, ನೋಡೋಣ" ಅಂದಿದ್ದಕ್ಕೆ "ಕಂಡಾಗಲೇ ಹಿಡೀಬೇಕು ಮಾರಾಯ, ಕಾದರೆ ಇಡೀ ತೋಟ" ಅಂತ ಬೈದಿರಿ. ಸುಬ್ಬಣ್ಣನ ತೋಟ ಈಗ ಹೇಗಿದೆ ಅಂತ ನಿಮಗೇ ಗೊತ್ತು. ಅದೇ ನಿಮ್ಮ ಮೈಗೆ ಬಂದಾಗ ಕೊಯ್ಲು ಮುಗೀಲಿ ಅಂತೀರಿ.

ಎಂಜಿಯೋಗ್ರಾಮ್ ಅಂದರೆ ಎದೆ ಕೊಯ್ಯುವುದಲ್ಲ. ಹೆಚ್ಚಿನ ಕಡೆ ಮಣಿಕಟ್ಟಿನ ಹತ್ತಿರ ಸಣ್ಣ ತೂತು. ಅಲ್ಲಿಂದ ತೆಳು ನಳಿಗೆ ಹೋಗಿ, ಬಣ್ಣ ಬಿಟ್ಟು, ರಕ್ತನಾಳದ ಎಕ್ಸ್‌ರೇ ತೆಗೆಯುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ. ಸಾಮಾನ್ಯವಾಗಿ ಅದೇ ದಿನ ಇಲ್ಲ ಮಾರನೇ ದಿನ ಮನೆ. ಎಲ್ಲಾದರೂ ಕಟ್ಟಿದ್ದರೆ ಸ್ಟೆಂಟ್ ಹಾಕುತ್ತಾರೆ. ಕಟ್ಟಿಲ್ಲ ಅಂದರೆ ಇನ್ನೂ ಒಳ್ಳೆಯದು, ಬಂದು ನನಗೆ ಬೈಯಿರಿ.

ಕೊಯ್ಲಿಗೆ ಜನ ಇಲ್ಲ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಕೈಗೆ ಸಿಗುವುದಿಲ್ಲ, ನಾನು ನಿಲ್ಲದಿದ್ದರೆ ಯಾರು ನಿಲ್ಲುತ್ತಾರೆ ಅನ್ನುತ್ತೀರಿ. ಈ ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡಿ. ಬರೆದುಬಿಟ್ಟೆ ನೋಡಿ. ನಮ್ಮ ಮನೆಯಲ್ಲಿ ಯಾವತ್ತೂ ಚೇಣಿಗೆ ಕೊಟ್ಟಿಲ್ಲ, ಅಡಿಕೆ ಬೇಯಿಸುವ ನಮ್ಮ ಚೊಗರಿನ ಬಣ್ಣ ಬೇರೆ, ನಮ್ಮ ರಾಶಿ ಅಡಿಕೆಗೆ ಮಂಡಿಯಲ್ಲಿ ಹೆಸರಿದೆ. ಎಲ್ಲ ನಿಜ. ಒಂದು ವರ್ಷ ಹೆಸರು ರಜಾ ತೆಗೆದುಕೊಳ್ಳಲಿ. ಕೊಯ್ಯುವುದು, ಸುಲಿಸುವುದು, ಬೇಯಿಸುವುದು ಎಲ್ಲ ಅವರ ತಲೆನೋವು. ಚೇಣಿಯವರು ಕಮ್ಮಿ ಕೇಳುತ್ತಾರೆ ಅಂದರೆ ಕಮ್ಮಿಗೇ ಕೊಡಿ. ಅದೂ ಬೇಡ ಅಂದರೆ ಮಂಜ, ರಾಘು ಸೇರಿ ನೋಡಿಕೊಳ್ಳಲಿ, ನೀವು ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕೂತು ಬೈಯಿರಿ. ಏರಿ ಮಾತ್ರ ಹತ್ತಬಾರದು.

ದುಡ್ಡಿನ ಮಾತು ಎತ್ತಬೇಡಿ. ನನ್ನ ಹತ್ತಿರ ಇದೆ. ನಿಜವಾಗಿಯೂ ಇದೆ. ಹೊಟ್ಟೆ ಕಟ್ಟಿ ಉಳಿಸಿದ್ದಲ್ಲ, ದಿನಾ ಅನ್ನ ಸಾರು ತಿನ್ನುತ್ತಿದ್ದೇನೆ, ತೂಕವೂ ಜಾಸ್ತಿ ಆಗಿದೆ, ಜಾಕೆಟ್ ಬಿಗಿ ಆಗಿದೆ. ಲ್ಯಾಬಿನಲ್ಲಿ ಕೊಡುವ ಸ್ಟೈಪೆಂಡಿನಲ್ಲಿ ಬಾಡಿಗೆ ಕಳೆದು ಉಳಿಯುತ್ತದೆ. ಕಾರು ತೆಗೆದುಕೊಂಡಿದ್ದು ಸೆಕೆಂಡ್ ಹ್ಯಾಂಡ್, ಅದರ ಸಾಲ ಇಲ್ಲ. ರಾಘು ಅಕೌಂಟಿಗೆ ನಾಳೆ ಕಳಿಸುತ್ತೇನೆ. ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು ಈ ವರ್ಷ ನವೀಕರಣ ಆಗಿದೆಯಾ ಅಂತ ಸೊಸೈಟಿಯಲ್ಲಿ ಅವನೇ ಕೇಳಿ ಬರಲಿ. ಆಗದಿದ್ದರೂ ಪರವಾಗಿಲ್ಲ, ಅದನ್ನೇ ಕಾರಣ ಮಾಡಿ ಮುಂದೆ ಹಾಕಬೇಡಿ.

ಅಮ್ಮ, ನೀನು ಡಾಕ್ಟರು ಕೊಟ್ಟ ಚೀಟಿ, ಇಸಿಜಿ, ಈಗ ತೆಗೆದುಕೊಳ್ಳುವ ಮಾತ್ರೆ, ಎಲ್ಲ ಒಂದು ಕವರಿನಲ್ಲಿ ಹಾಕಿಡು. ಸಕ್ಕರೆ ಮಾತ್ರೆಯ ಹೆಸರು ಬರೆದಿಡು. ಅದನ್ನು ಮೊದಲೇ ನಿಲ್ಲಿಸಬೇಕಾ ಅಂತ ಅವರನ್ನೇ ಕೇಳಬೇಕು, ನೀನಾಗಿ ನಿಲ್ಲಿಸಬೇಡ. ಅಪ್ಪಯ್ಯ ಹೊರಡುವ ಬೆಳಿಗ್ಗೆ ಕರು ನೋಡಿ ಬರ್ತೀನಿ, ಕೊಟ್ಟಿಗೆ ನೋಡಿ ಬರ್ತೀನಿ ಅಂತ ಶುರು ಮಾಡುತ್ತಾರೆ. ಬಿಡಬೇಡ. ಮತ್ತೆ ಏರಿ ಹತ್ತುವಾಗ ಆದ ಹಾಗೆ ಕೂತಾಗಲೂ ಆದರೆ ಕಷಾಯ ಕಾಸುತ್ತಾ ಕೂರಬೇಡ. ಆ ಕ್ಷಣ ರಾಘುವನ್ನು ಕರಿ, ರಾತ್ರಿ ಆದರೂ ಸರಿ. ನೀನು ಹೆದರಬೇಡ. ಏನೂ ಆಗುವುದಿಲ್ಲ. ನಾನು ಇದ್ದೇನೆ. ಇಲ್ಲಿ ಇದ್ದರೂ ಇದ್ದೇನೆ.

ನಾನು ಆರಾಮಾಗಿದ್ದೇನೆ. ಚಳಿ ಈಗ ಶುರು, ನೀನು ಕಳಿಸಿದ ಸ್ವೆಟರ್ ಹಾಕುತ್ತೇನೆ. ಹಿಮ ಬಿದ್ದ ಮೇಲೆ ಕಣಿವೆಗೆ ಒಬ್ಬಳೇ ಹೋಗುವುದಿಲ್ಲ, ಗಿರಿಜತ್ತೆಗೆ ಹೇಳು. ಬೇಟೆ ಸೀಸನ್ ಬರುತ್ತಿದೆ, ಆಗ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ತಿರುಗಬೇಕಂತೆ, ಅದಕ್ಕೂ ಹೋಗುವುದಿಲ್ಲ.

ಬುಧವಾರ ಬೆಳಿಗ್ಗೆ ಆರಕ್ಕೆ ರಾಘು ಕಾರು ತರುತ್ತಾನೆ. ಶಿವಮೊಗ್ಗದಲ್ಲಿ ಅಪಾಯಿಂಟ್‌ಮೆಂಟ್ ಅವನೇ ತೆಗೆದಿದ್ದಾನೆ, ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ. ಕಾಫಿಯೂ ಇಲ್ಲ ಅಪ್ಪಯ್ಯ. ಬುಧವಾರ ಹೋಗಲಿಲ್ಲ ಅಂದರೆ ಗುರುವಾರ ನಾನು ಟಿಕೆಟ್ ತೆಗೆಯುತ್ತೇನೆ, ಆಮೇಲೆ ಓದು ಹಾಳಾಯ್ತು ಅನ್ನಬೇಡಿ. ಹೊತ್ತಾಯಿತು, ನಾಳೆ ಬೆಳಿಗ್ಗೆ ಲ್ಯಾಬಿನಲ್ಲಿ ಮೀಟಿಂಗ್ ಇದೆ, ಇನ್ನೂ ಏನೂ ತಯಾರಿ ಆಗಿಲ್ಲ. ಅಜ್ಜಿಗೆ ನಮಸ್ಕಾರ, ಕರುವಿಗೆ ಹೆಸರಿಡಬೇಡಿ, ನಾನು ಹೇಳುತ್ತೇನೆ. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು,
ಪುಟ್ಟಿ

ತಾ.ಕ.: ರಾಘು, ನೀನು ಪ್ರಿಂಟ್ ತೆಗೆಯುವಾಗ ಓದಿರುತ್ತೀಯ. ಹಿಂದಿನ ಸೀಟಿಗೆ ದಿಂಬು ಹಾಕು. ಮಂಡಗದ್ದೆ ಹತ್ತಿರ ನಿಲ್ಲಿಸು ಅಂದರೆ ನಿಲ್ಲಿಸಬೇಡ, ಅಲ್ಲಿ ಬನ್ಸ್ ತಿನ್ನುತ್ತಾರೆ.